ಪನೋರಮಾ ಯಾಕೆ ಕೂಡಲಿಲ್ಲ? ಬಿರುಕು ನೋಡಿ ಕಾರಣ ಹಿಡಿಯುವ ಬಗೆ

ಪನೋರಮಾ, ಅಂದರೆ ಹಲವು ಫೋಟೊ ಜೋಡಿಸಿ ಮಾಡುವ ಅಗಲದ ಚಿತ್ರ, ಸರಿಯಾಗಿ ಕೂಡದಿದ್ದರೆ ಹೆಚ್ಚಿನವರು ಮೊದಲು ಮಾಡುವ ಕೆಲಸ ಸಾಫ್ಟ್‌ವೇರ್ ಬದಲಿಸುವುದು. ಹ್ಯೂಗಿನ್‌ನಲ್ಲಿ ಆಗಲಿಲ್ಲ, ಲೈಟ್‌ರೂಮ್‌ನಲ್ಲಿ ಹಾಕಿ ನೋಡೋಣ. ಅಲ್ಲೂ ಆಗಲಿಲ್ಲ, ದುಡ್ಡು ಕೊಟ್ಟು ಪಿಟಿಗುಯಿ ತಗೊಳ್ಳೋಣ. ನನ್ನ ಪ್ರಕಾರ ಅದು ಕೊನೆಗೆ ಮಾಡಬೇಕಾದ ಕೆಲಸ. ತಪ್ಪು ಬಹುತೇಕ ಫೋಟೊ ತೆಗೆಯುವಾಗಲೇ ಆಗಿರುತ್ತದೆ. ಯಾವ ಹಂತದಲ್ಲಿ ಆಯಿತು ಎಂಬುದನ್ನು ಕೆಟ್ಟ ಚಿತ್ರವೇ ತೋರಿಸುತ್ತದೆ. ಅದನ್ನು ಸಮಾಧಾನದಿಂದ ನೋಡಬೇಕು, ಅಷ್ಟೇ.

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಪನೋರಮಾಕ್ಕೆ ಹೇಳಿ ಮಾಡಿಸಿದ ಜಾಗಗಳಿವೆ. ಆನೆಗೊಂದಿಯ ಬಂಡೆ ರಾಶಿ, ಅಂಜನಾದ್ರಿಯ ಮೇಲಿಂದ ಕಾಣುವ ಹೊಳೆ, ಸಣಾಪುರದ ಕೆರೆ, ಬಳ್ಳಾರಿಯ ಕೋಟೆ ಗುಡ್ಡ, ರಾಯಚೂರಿನ ಕೋಟೆ ಗೋಡೆ. ಒಂದೊಂದು ಜಾಗದಲ್ಲೂ ಒಂದೊಂದು ಬಗೆಯ ದೋಷ ಜಾಸ್ತಿ. ಇಲ್ಲಿ ಅವನ್ನೇ ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ.

ಮೊದಲು ಇದನ್ನು ಮಾಡಿ. ಕೆಟ್ಟ ಪನೋರಮಾವನ್ನು ಪೂರ್ತಿ ಗಾತ್ರದಲ್ಲಿ ತೆರೆಯಿರಿ. ಎಡ ತುದಿಯಿಂದ ಬಲ ತುದಿಯವರೆಗೆ ನಿಧಾನಕ್ಕೆ ಸರಿಸುತ್ತಾ ಹೋಗಿ. ಬಿರುಕು ಎಲ್ಲಿದೆ? ಹತ್ತಿರದ ವಸ್ತುಗಳಲ್ಲಿ ಮಾತ್ರವಾ, ದೂರದಲ್ಲೂ ಇದೆಯಾ? ಆಕಾಶದಲ್ಲಿ ಮಾತ್ರವಾ? ಅಥವಾ ಗೆರೆಗಳೆಲ್ಲ ಕೂಡಿವೆ, ಆದರೆ ಆಕಾರವೇ ವಕ್ರವಾಗಿದೆಯಾ? ಆಮೇಲೆ ಮೂಲ ಫೋಟೊಗಳನ್ನು ತೆಗೆದ ಕ್ರಮದಲ್ಲೇ ಇಟ್ಟು ಒಂದೊಂದನ್ನೂ ನೋಡಿ. ದೋಷ ಒಂದೇ ಫೋಟೊದಲ್ಲೂ ಕಾಣುತ್ತಿದ್ದರೆ ಅದಕ್ಕೂ ಜೋಡಣೆಗೂ ಸಂಬಂಧವಿಲ್ಲ. ಜೋಡಿಸಿದ ಮೇಲೆ ಮಾತ್ರ ಕಂಡರೆ ಮುಂದೆ ಓದಿ.

ಹತ್ತಿರದ್ದು ಮುರಿದಿದೆ, ದೂರದ್ದು ಸರಿಯಿದೆ

ಎಲ್ಲಕ್ಕಿಂತ ಹೆಚ್ಚು ಕಾಣುವ ದೋಷ ಇದು. ಅಂಜನಾದ್ರಿಯ ಮೆಟ್ಟಿಲ ಪಕ್ಕದ ಕಂಬಿ ನಡುವೆ ತುಂಡಾಗಿರುತ್ತದೆ. ಆಚೆ ದಡದ ಗುಡ್ಡ ಮಾತ್ರ ಚೆನ್ನಾಗಿ ಕೂಡಿರುತ್ತದೆ. ಕೆಲವು ಸಲ ಇದು ತಿರುವುಮುರುವು. ಸಾಫ್ಟ್‌ವೇರ್ ಕಂಬಿಯನ್ನೇ ಹಿಡಿದು ಕೂಡಿಸಿದರೆ ಹಿಂದಿನ ಗುಡ್ಡ ಎರಡಾಗಿ ಕಾಣುತ್ತದೆ. ಎರಡಕ್ಕೂ ಕಾರಣ ಒಂದೇ, ಪ್ಯಾರಲ್ಯಾಕ್ಸ್.

ಒಂದು ಕಣ್ಣು ಮುಚ್ಚಿ, ಮುಖದ ಮುಂದೆ ಬೆರಳು ಹಿಡಿದು ತಲೆಯನ್ನು ಸ್ವಲ್ಪ ಆಚೀಚೆ ಸರಿಸಿ. ಹಿಂದಿನ ಗೋಡೆಯ ಮೇಲೆ ಬೆರಳು ಜಾಗ ಬದಲಿಸುತ್ತದೆ, ಅಲ್ವಾ? ಕ್ಯಾಮೆರಾ ತಿರುಗಿಸುವಾಗ ಲೆನ್ಸ್ ಜಾಗ ಬಿಟ್ಟು ಸರಿದರೆ ಆಗುವುದೂ ಇದೇ. ಎರಡು ಫೋಟೊಗಳಲ್ಲಿ ಕಂಬಿಯ ಹಿಂದೆ ಬೇರೆ ಬೇರೆ ಬಂಡೆ ಬಂದಿರುತ್ತದೆ. ಅಂಥ ಎರಡು ಫೋಟೊಗಳನ್ನು ಯಾವ ಸಾಫ್ಟ್‌ವೇರ್‌ಗೂ ಪೂರ್ತಿ ಕೂಡಿಸಲು ಬರುವುದಿಲ್ಲ. ಅದು ಜೋಡಣೆಯ ಗೆರೆಯನ್ನು ಎಲ್ಲಾದರೂ ಮರೆಯಲ್ಲಿ ಹಾಯಿಸಿ ಅಡಗಿಸಬಹುದು, ಅಷ್ಟೇ.

ಎಷ್ಟು ಸರಿದರೆ ಎಷ್ಟು ಹಾಳು ಎಂದು ಲೆಕ್ಕ ಹಾಕಬಹುದು. ಈ ಲೆಕ್ಕ ತಿಳಿದರೆ ಎಲ್ಲಿ ಚಿಂತೆ ಮಾಡಬೇಕು, ಎಲ್ಲಿ ಬೇಡ ಅನ್ನುವುದು ಗೊತ್ತಾಗುತ್ತದೆ. ಕ್ಯಾಮೆರಾವನ್ನು ಮಾಮೂಲಿ ಟ್ರೈಪಾಡ್ ಮೇಲೆ ಕೂರಿಸಿದ್ದೀರಿ ಎಂದುಕೊಳ್ಳಿ. ಲೆನ್ಸಿನಲ್ಲಿ ಒಂದು ಬಿಂದು ಇರುತ್ತದೆ, ಅದರ ಸುತ್ತ ತಿರುಗಿಸಿದರೆ ಹತ್ತಿರದ್ದು ದೂರದ್ದರ ಮೇಲೆ ಜಾಗ ಬದಲಿಸುವುದಿಲ್ಲ. ತಿರುಗುವ ಅಕ್ಷಕ್ಕಿಂತ ಈ ಸರಿಯಾದ ಬಿಂದು 5 ಸೆಂ.ಮೀ. ಮುಂದಿದೆ. ಒಂದು ಸಲಕ್ಕೆ 30 ಡಿಗ್ರಿ ತಿರುಗಿಸಿದರೆ ಆ ಬಿಂದು ಸುಮಾರು 2.6 ಸೆಂ.ಮೀ. ಸರಿಯುತ್ತದೆ. ಫುಲ್ ಫ್ರೇಮ್ (ದೊಡ್ಡ ಸೆನ್ಸರ್), 24 ಮೆಗಾಪಿಕ್ಸೆಲ್ ಕ್ಯಾಮೆರಾ, 24 ಮಿ.ಮೀ. ಲೆನ್ಸ್, ಕ್ಯಾಮೆರಾ ನಿಲುವಾಗಿದೆ. ಆಗ ಒಂದು ಮೀಟರ್ ದೂರದ ಕಂಬ, ಹಿಂದಿನ ದೂರದ ಗುಡ್ಡಕ್ಕೆ ಹೋಲಿಸಿದರೆ ನೂರಕ್ಕೂ ಹೆಚ್ಚು ಪಿಕ್ಸೆಲ್ ಸರಿಯುತ್ತದೆ. 50 ಮೀಟರ್ ದೂರದ ಬಂಡೆ ಸರಿಯುವುದು ಎರಡೇ ಪಿಕ್ಸೆಲ್. ಅಂದರೆ ಬಳ್ಳಾರಿ ಕೋಟೆ ಗುಡ್ಡದ ಅಂಚಿನಲ್ಲಿ ನಿಂತು ಊರನ್ನು ಮಾತ್ರ ತೆಗೆಯುವವರಿಗೆ ಈ ದೋಷದ ಭಯವೇ ಬೇಡ. ಅದೇ ಅಂಚಿನ ಕಲ್ಲುಗೋಡೆಯನ್ನೂ ಚೌಕಟ್ಟಿಗೆ ಸೇರಿಸಿದರೆ ಭಯ ಶುರು.

ಕೈಯಲ್ಲಿ ಹಿಡಿದು ತೆಗೆಯುವವರ ಲೆಕ್ಕ ಇನ್ನೂ ಕಷ್ಟದ್ದು. ನಿಂತಲ್ಲೇ ನಿಂತು, ತೋಳು ಮುಂದೆ ಚಾಚಿ, ಸೊಂಟ ತಿರುಗಿಸುತ್ತಾ ತೆಗೆದರೆ ಲೆನ್ಸ್ ಬೆನ್ನುಮೂಳೆಯ ಸುತ್ತ ಸುತ್ತುತ್ತದೆ. ನಡುವಿನ ದೂರ 40 ಸೆಂ.ಮೀ. ಇದ್ದರೆ 30 ಡಿಗ್ರಿಗೆ ಲೆನ್ಸ್ 20 ಸೆಂ.ಮೀ.ಗಿಂತ ಜಾಸ್ತಿ ಸರಿಯುತ್ತದೆ. ಆಗ 10 ಮೀಟರ್ ದೂರದ ಬಂಡೆ ಕೂಡ 90 ಪಿಕ್ಸೆಲ್‌ನ ಹತ್ತಿರ ಜಾಗ ತಪ್ಪುತ್ತದೆ. ಹಿರೇಬೆಣಕಲ್‌ನ ಶಿಲಾಸಮಾಧಿಗಳ ನಡುವೆ ನಿಂತು ತೆಗೆದ ಪನೋರಮಾಗಳು ಕೆಡುವುದು ಇದರಿಂದಲೇ. ಅಲ್ಲಿ ಚಪ್ಪಡಿಗಳು ನಾಲ್ಕು ಹೆಜ್ಜೆ ದೂರದಲ್ಲಿರುತ್ತವೆ, ಅವುಗಳ ಹಿಂದೆಯೇ ದೂರದ ಬೆಟ್ಟಸಾಲು ಇರುತ್ತದೆ.

ಪರಿಹಾರ ಏನು? ನೀವು ಕ್ಯಾಮೆರಾದ ಸುತ್ತ ತಿರುಗಬೇಕು, ಕ್ಯಾಮೆರಾ ನಿಮ್ಮ ಸುತ್ತ ತಿರುಗಬಾರದು. ನೆಲದ ಮೇಲೆ ಒಂದು ಗುರುತು ಮಾಡಿ. ಲೆನ್ಸಿನ ಮುಂಭಾಗಕ್ಕೆ ಒಂದು ದಾರ ಕಟ್ಟಿ, ಕೆಳತುದಿಗೆ ಸಣ್ಣ ಕಲ್ಲು ಕಟ್ಟಿ. ಕಲ್ಲು ಗುರುತಿನ ನೇರಕ್ಕೆ ತೂಗುವಂತೆ ಇಟ್ಟುಕೊಂಡು, ಕಾಲನ್ನು ಹೆಜ್ಜೆ ಹೆಜ್ಜೆಯಾಗಿ ಅದರ ಸುತ್ತ ಸರಿಸಿ. ಪನೋರಮಾ ತೆಗೆಯುವವರು ಇದಕ್ಕೆ ಫಿಲೋಪಾಡ್ ಅನ್ನುತ್ತಾರೆ. ಖರ್ಚಿಲ್ಲದ ಉಪಾಯ, ಫಲಿತಾಂಶ ಬಹಳ ಚೆನ್ನಾಗಿದೆ. ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮೊದಲೇ ಅನುಮತಿ ಪಡೆಯಬೇಕು. ಹಾಗಾಗಿ ಇಟಗಿಯ ಮಹಾದೇವ ದೇವಾಲಯದಂಥ ಕಡೆ ಈ ದಾರವೇ ನಮ್ಮ ಟ್ರೈಪಾಡ್. 1112ರಲ್ಲಿ ಕಟ್ಟಿದ ಆ ಗುಡಿಯ ಮಂಟಪದಲ್ಲಿ ನಿಂತರೆ ಸುತ್ತ ಕಂಬಗಳೇ. ಕೈ ಚಾಚಿದರೆ ಒಂದು ಕಂಬ, ಅದರ ಹಿಂದೆ ಇನ್ನೊಂದು, ಅದರಾಚೆ ಬಯಲು. ಪ್ಯಾರಲ್ಯಾಕ್ಸ್ ಪರೀಕ್ಷೆಗೆ ಇದಕ್ಕಿಂತ ಕಠಿಣ ಜಾಗ ಈ ಮೂರು ಜಿಲ್ಲೆಯಲ್ಲಿ ಇನ್ನೊಂದಿಲ್ಲ ಎಂದು ನನಗನ್ನಿಸುತ್ತದೆ.

ಟ್ರೈಪಾಡ್ ಇಡಬಹುದಾದ ಕಡೆ ನೋಡಲ್ ಸ್ಲೈಡ್ ಹಾಕಿ. ಕ್ಯಾಮೆರಾವನ್ನು ಹಿಂದೆ ಮುಂದೆ ಸರಿಸಲು ಬರುವ ಒಂದು ಪಟ್ಟಿ ಅದು. ಸರಿಯಾದ ಬಿಂದು ಹುಡುಕುವುದನ್ನು ಮನೆಯಲ್ಲೇ ಮಾಡಿಕೊಳ್ಳಿ. ಕ್ಯಾಮೆರಾದಿಂದ ಒಂದು ಮೀಟರ್ ದೂರದಲ್ಲಿ ಒಂದು ಕೋಲು ನಿಲ್ಲಿಸಿ. ಅದರ ನೇರಕ್ಕೆ ದೂರದ ಕರೆಂಟ್ ಕಂಬ ಬರಲಿ. ಈಗ ಕ್ಯಾಮೆರಾವನ್ನು ಬಲಕ್ಕೆ ತಿರುಗಿಸಿ. ಕೋಲು ಕಂಬಕ್ಕಿಂತ ಎಡಕ್ಕೆ ಸರಿಯಿತಾ? ಹಾಗಿದ್ದರೆ ಲೆನ್ಸ್ ಅಕ್ಷಕ್ಕಿಂತ ಮುಂದಿದೆ, ಕ್ಯಾಮೆರಾ ಹಿಂದಕ್ಕೆ ತನ್ನಿ. ಬಲಕ್ಕೆ ಸರಿದರೆ ಮುಂದಕ್ಕೆ ತಳ್ಳಿ. ಎಡ ಅಂಚಿನಿಂದ ಬಲ ಅಂಚಿನವರೆಗೂ ಕೋಲು ಮತ್ತು ಕಂಬ ಒಂದಕ್ಕೊಂದು ಅಂಟಿಕೊಂಡೇ ಇದ್ದರೆ ಬಿಂದು ಸಿಕ್ಕಿತು. ಸ್ಲೈಡಿನ ಮೇಲಿನ ಅಳತೆಯನ್ನು ಬರೆದಿಟ್ಟುಕೊಳ್ಳಿ. ಜೂಮ್ ಲೆನ್ಸಾದರೆ ನೀವು ಬಳಸುವ ಒಂದೊಂದು ಫೋಕಲ್ ಲೆಂತ್‌ಗೂ ಬೇರೆ ಅಳತೆ ಬರುತ್ತದೆ.

ಫೋಟೊ ಆಗಲೇ ತೆಗೆದಾಗಿದೆ, ವಾಪಸ್ ಹೋಗಲು ಆಗುವುದಿಲ್ಲ ಅನ್ನುವವರಿಗೆ ಒಂದು ದಾರಿ ಇದೆ. ಹ್ಯೂಗಿನ್‌ನಲ್ಲಿ ಕಂಟ್ರೋಲ್ ಪಾಯಿಂಟ್‌ಗಳ ಪಟ್ಟಿ ತೆರೆಯಿರಿ. ಎರಡು ಫೋಟೊಗಳಲ್ಲೂ ಒಂದೇ ಎಂದು ಸಾಫ್ಟ್‌ವೇರ್ ಹಿಡಿದ ಗುರುತುಗಳು ಇವು. ಹತ್ತಿರದ ವಸ್ತುಗಳ ಮೇಲಿರುವ ಪಾಯಿಂಟ್‌ಗಳನ್ನೆಲ್ಲ ಅಳಿಸಿ, ದೂರದವನ್ನು ಮಾತ್ರ ಉಳಿಸಿ. ಮತ್ತೆ ಆಪ್ಟಿಮೈಸ್ ಮಾಡಿ, ಅಂದರೆ ಜೋಡಣೆಯ ಲೆಕ್ಕ ಹೊಸದಾಗಿ ಹಾಕಿಸಿ. ದೂರದ್ದು ಸರಿಯಾಗಿ ಕೂಡುತ್ತದೆ. ಆಮೇಲೆ ಮಾಸ್ಕ್ ಹಾಕಿ (ಫೋಟೊದ ಯಾವ ಭಾಗ ಬೇಕು, ಯಾವುದು ಬೇಡ ಎಂದು ಗುರುತು ಮಾಡಿ), ಮುರಿದ ಕಂಬಿಯನ್ನು ಒಂದೇ ಫೋಟೊದಿಂದ ಬರುವ ಹಾಗೆ ಮಾಡಿ. ಗೆರೆ ಬಂಡೆಯ ಒರಟು ಮೈ ಮೇಲೆ ಹಾಯ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಒಂದು ಸಂದರ್ಭದಲ್ಲಿ ಮಾತ್ರ ಇದೆಲ್ಲ ತಿರುಗುಮುರುಗು. ಚಪ್ಪಟೆ ಗೋಡೆಯನ್ನು ಹತ್ತಿರದಿಂದ ತೆಗೆಯುವಾಗ ತಿರುಗಿಸುವುದೇ ತಪ್ಪು, ಸರಿದು ಹೋಗುವುದೇ ಸರಿ. ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ ಕಲ್ಲು ಸುಮಾರು 41 ಅಡಿ ಉದ್ದ. ಅಂಥ ಕಲ್ಲನ್ನು ಗಾಡಿಯಲ್ಲಿ ಎಳೆದು ತಂದ ಚಿತ್ರವನ್ನೂ ಅಲ್ಲೇ ಗೋಡೆಯ ಮೇಲೆ ಕೊರೆದಿದ್ದಾರೆ. ಇದನ್ನು ನಡುವೆ ನಿಂತು ತಿರುಗಿಸಿ ತೆಗೆದರೆ ತುದಿಯ ಅಕ್ಷರಗಳು ಓರೆಯಾಗಿ, ಸಣ್ಣದಾಗಿ ಬರುತ್ತವೆ. ಗೋಡೆಗೆ ಸಮಾನ ದೂರದಲ್ಲಿ, ಸಮಾನಾಂತರವಾಗಿ ಹೆಜ್ಜೆ ಹಾಕುತ್ತಾ, ಪ್ರತಿ ಸಲ ಅರ್ಧ ಚೌಕಟ್ಟಿನಷ್ಟು ಸರಿದು ತೆಗೆಯಿರಿ. ಜೋಡಿಸುವಾಗ ಕ್ಯಾಮೆರಾ ಸರಿದಿದೆ ಎಂದು ಲೆಕ್ಕ ಹಿಡಿಯುವ ಆಯ್ಕೆ ಹಾಕಬೇಕು. ಹ್ಯೂಗಿನ್‌ನಲ್ಲೂ ಪಿಟಿಗುಯಿಯಲ್ಲೂ ಅದು ಇದೆ. ಈ ವಿಧಾನ ಹೊಸದೇನಲ್ಲ. ಲಿನಿಯಸ್ ಟ್ರೈಪ್ ಎಂಬ ಬ್ರಿಟಿಷ್ ಸೇನಾಧಿಕಾರಿ 1858ರಲ್ಲಿ ತಂಜಾವೂರಿನ ಬೃಹದೀಶ್ವರ ದೇವಸ್ಥಾನದ ಬುಡದ ಶಾಸನಗಳನ್ನು ಹೀಗೇ ತೆಗೆದು, 21 ಪ್ರಿಂಟ್ ಜೋಡಿಸಿ, ಸುಮಾರು 19 ಅಡಿ ಉದ್ದದ ಪನೋರಮಾ ಮಾಡಿದ್ದ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಅಷ್ಟು ಅಚ್ಚುಕಟ್ಟಾಗಿ ಕೂಡಿಸಿದ್ದನ್ನು ನೋಡಿದರೆ ನನಗೆ ಈಗಲೂ ಗೌರವ ಮೂಡುತ್ತದೆ.

ಆಕಾಶದಲ್ಲಿ ಪಟ್ಟೆಗಳು

ಗೆರೆಗಳೆಲ್ಲ ಕೂಡಿವೆ. ಆದರೆ ಆಕಾಶ ಒಂದು ಕಡೆ ತಿಳಿ, ಒಂದು ಕಡೆ ಕಡು. ಇದಕ್ಕೆ ನಾಲ್ಕು ಕಾರಣ ಇರಬಹುದು. ಪಟ್ಟೆಯ ಆಕಾರ ನೋಡಿದರೆ ಯಾವುದು ಎಂದು ಗೊತ್ತಾಗುತ್ತದೆ.

ಫೋಟೊದಿಂದ ಫೋಟೊಗೆ ಬೆಳಕು ಮೆಟ್ಟಿಲಿನಂತೆ ಏರಿಳಿದಿದ್ದರೆ ಕ್ಯಾಮೆರಾ ಆಟೊ ಎಕ್ಸ್‌ಪೋಶರ್‌ನಲ್ಲಿತ್ತು. ಫೋಟೊಗಳ ಮಾಹಿತಿ ತೆರೆದು ಶಟರ್ ವೇಗ, ಅಪರ್ಚರ್, ಐಎಸ್‌ಒ ನೋಡಿ. ಬೇರೆ ಬೇರೆ ಅಂಕೆ ಇದ್ದರೆ ಅನುಮಾನವೇ ಬೇಡ. ಬಣ್ಣ ಮಾತ್ರ ಬದಲಾಗಿದ್ದರೆ, ಅಂದರೆ ಒಂದು ಕಡೆ ನೀಲಿ, ಒಂದು ಕಡೆ ಹಳದಿ, ಅದು ಆಟೊ ವೈಟ್ ಬ್ಯಾಲೆನ್ಸ್, ಕ್ಯಾಮೆರಾ ತಾನೇ ಬಣ್ಣ ಹೊಂದಿಸಿಕೊಂಡಿದೆ. ರಾ ಫೈಲ್ (ಕ್ಯಾಮೆರಾ ತಿದ್ದದೆ ಉಳಿಸುವ ಕಚ್ಚಾ ಫೈಲ್) ಇದ್ದರೆ ಎಲ್ಲ ಫೋಟೊಗೂ ಒಂದೇ ಅಂಕೆ ಕೊಟ್ಟರೆ ಮುಗಿಯಿತು. ಜೆಪೆಗ್ ಮಾತ್ರ ಇದ್ದರೆ ಕಷ್ಟ, ಸ್ವಲ್ಪ ಮಟ್ಟಿಗೆ ಸರಿಹೋಗುತ್ತದೆ.

ಪ್ರತಿ ಜೋಡಣೆಯ ಜಾಗದಲ್ಲೂ ಕಪ್ಪು ನೆರಳು ಬಂದು, ನಡುವೆ ತಿಳಿಯಾಗಿ, ಮತ್ತೆ ನೆರಳು ಬಂದು ಅಲೆಯಂತೆ ಕಂಡರೆ ಅದು ಲೆನ್ಸಿನ ಮೂಲೆಗಳ ಕತ್ತಲು. ಜೋಡಿಸುವ ಮೊದಲೇ ಲೆನ್ಸ್ ಪ್ರೊಫೈಲ್ ತಿದ್ದುಪಡಿ ಹಾಕಿ. ಮುಂದಿನ ಸಲ ಅಪರ್ಚರ್ ಎಫ್ 8ರ ಸುತ್ತ ಇಡಿ.

ಇಡೀ ಪನೋರಮಾದಲ್ಲಿ ಒಂದೇ ಒಂದು ಕಡೆ ದೊಡ್ಡ ಕಡುನೀಲಿ ಮಚ್ಚೆ ಇದೆಯಾ? ಲೆನ್ಸ್ ಮೇಲೆ ಪೋಲರೈಸರ್ ಇತ್ತು, ಆಕಾಶವನ್ನು ಕಡುವಾಗಿಸುವ ಫಿಲ್ಟರ್ ಅದು. ಸೂರ್ಯನಿಂದ 90 ಡಿಗ್ರಿ ಪಕ್ಕದ ಆಕಾಶದ ಮೇಲೆ ಅದರ ಪರಿಣಾಮ ಅತಿ ಹೆಚ್ಚು, ಉಳಿದ ಕಡೆ ಕಡಿಮೆ. ಅಗಲದ ಪನೋರಮಾಕ್ಕೆ ಪೋಲರೈಸರ್ ಬೇಡವೇ ಬೇಡ. ಜೋಡಿಸಿದ ಮೇಲೆ ಇದನ್ನು ಸರಿಮಾಡುವುದು ತುಂಬಾ ತ್ರಾಸು. ಆಕಾಶಕ್ಕೆ ಕೈಯಾರೆ ಗ್ರೇಡಿಯೆಂಟ್ ಹಾಕುತ್ತಾ ಕೂರಬೇಕು.

ಎಕ್ಸ್‌ಪೋಶರ್ ಆಟೊದಲ್ಲಿ ಬಿಡದೆ ಮ್ಯಾನುವಲ್ ಇಡಿ, ಅಂದರೆ ಅಂಕೆಗಳನ್ನು ನೀವೇ ಗಟ್ಟಿ ಮಾಡಿ. ಹಾಗಾದರೆ ಬೆಳಕು ಎಲ್ಲಿ ಅಳೆಯಬೇಕು ಎಂದು ಕೇಳುವವರಿದ್ದಾರೆ. ಸೂರ್ಯನನ್ನು ಬಿಟ್ಟು, ನಿಮಗೆ ಮುಖ್ಯವಾದ ಅತಿ ಬೆಳಕಿನ ಭಾಗ ಯಾವುದೋ ಅಲ್ಲಿ. ಅದು ಬೆಳ್ಳಗೆ ಸುಟ್ಟುಹೋಗದ ಹಾಗೆ ಅಂಕೆ ಇಟ್ಟು, ಅದನ್ನು ಮುಟ್ಟದೆ ಪೂರ್ತಿ ಸುತ್ತು ತೆಗೆಯಿರಿ. ಆನೆಗೊಂದಿಯ ಬಂಡೆಗಳು ಇಳಿಬಿಸಿಲಿಗೆ ಚೆನ್ನಾಗಿ ಹೊಳೆಯುತ್ತವೆ. ನೆರಳಿನ ಬದಿ ಕತ್ತಲಾಗಿ ಬಂದರೂ ರಾ ಫೈಲಿನಿಂದ ಎತ್ತಿಕೊಳ್ಳಬಹುದು. ಸುಟ್ಟ ಬಿಳುಪು ವಾಪಸ್ ಬರುವುದಿಲ್ಲ.

ಆಕಾಶದಲ್ಲಿ ಪಟ್ಟೆಯ ಬದಲು ಚುಕ್ಕಿಗಳಿದ್ದರೆ? ಹೆಚ್ಚು ಕಡಿಮೆ ಒಂದೇ ಎತ್ತರದಲ್ಲಿ, ಸಮ ಅಂತರದಲ್ಲಿ, ಸಾಲಾಗಿ ಮಸುಕು ಚುಕ್ಕಿ ಕಂಡರೆ ಅವು ಹಕ್ಕಿಗಳಲ್ಲ. ಸೆನ್ಸರ್ ಮೇಲಿನ ಒಂದೇ ಧೂಳಿನ ಕಣ ಪ್ರತಿ ಫೋಟೊದಲ್ಲೂ ಅದೇ ಜಾಗಕ್ಕೆ ಬಂದಿರುತ್ತದೆ. ಸಂಡೂರಿನ ಕೆಂಪು ಧೂಳಿನಲ್ಲಿ ಲೆನ್ಸ್ ಬದಲಿಸಿದವರಿಗೆ ಇದು ಚೆನ್ನಾಗಿ ಗೊತ್ತು. ಜೋಡಿಸುವ ಮೊದಲು ಒಂದು ಫೋಟೊದಲ್ಲಿ ಚುಕ್ಕಿ ಅಳಿಸಿ, ಅದೇ ತಿದ್ದುಪಡಿಯನ್ನು ಉಳಿದವಕ್ಕೂ ಒಟ್ಟಿಗೆ ಹಾಕಿ, ಒಂದು ಸಲ ಕಣ್ಣಾಡಿಸಿ.

ಜೋಡಿಸಲು ಆಗುತ್ತಿಲ್ಲ ಎನ್ನುತ್ತದೆ, ಅಥವಾ ತಪ್ಪು ತಪ್ಪಾಗಿ ಜೋಡಿಸುತ್ತದೆ

ಸಾಫ್ಟ್‌ವೇರ್ ಎರಡು ಫೋಟೊಗಳಲ್ಲಿ ಒಂದೇ ರೀತಿ ಕಾಣುವ ಗುರುತುಗಳನ್ನು ಹುಡುಕುತ್ತದೆ. ಗುರುತು ಸಿಗದಿದ್ದರೆ ಕೈ ಚೆಲ್ಲುತ್ತದೆ. ಒಂದೇ ರೀತಿಯವು ವಿಪರೀತ ಸಿಕ್ಕರೆ ಗೊಂದಲಕ್ಕೆ ಬೀಳುತ್ತದೆ. ಎರಡೂ ತರಹದ ಜಾಗಗಳು ನಮ್ಮಲ್ಲಿವೆ.

ಮೊದಲನೆಯದಕ್ಕೆ ಸಣಾಪುರ ಕೆರೆ ಒಳ್ಳೆಯ ಉದಾಹರಣೆ. ಮೇಲರ್ಧ ಮೋಡವಿಲ್ಲದ ಆಕಾಶ, ಕೆಳಗರ್ಧ ನೀರು. ನೀರಿನ ಅಲೆ ಒಂದು ಫೋಟೊದಲ್ಲಿದ್ದ ಹಾಗೆ ಇನ್ನೊಂದರಲ್ಲಿ ಇರುವುದಿಲ್ಲ. ಮೊದಲು ಎರಡು ಫೋಟೊಗಳ ನಡುವೆ ಎಷ್ಟು ಓವರ್‌ಲ್ಯಾಪ್ (ಎರಡರಲ್ಲೂ ಬಂದಿರುವ ಒಂದೇ ಭಾಗ) ಇದೆ ನೋಡಿ. ಮಾಮೂಲಿ ದೃಶ್ಯಕ್ಕೆ 30 ಪ್ರತಿಶತ ಸಾಕು. ನೀರು, ಬಯಲು, ಆಕಾಶ ಜಾಸ್ತಿ ಇದ್ದರೆ 50 ಪ್ರತಿಶತ ಇಡಿ. ಪ್ರತಿ ಓವರ್‌ಲ್ಯಾಪ್‌ನಲ್ಲೂ ಒಂದು ಬಂಡೆಯೋ, ದಡದ ಗಿಡವೋ ಬರುವ ಹಾಗೆ ನೋಡಿಕೊಳ್ಳಿ. ತೆಗೆದಾಗಿದ್ದರೆ ಕಂಟ್ರೋಲ್ ಪಾಯಿಂಟ್‌ಗಳನ್ನು ಕೈಯಾರೆ ಹಾಕಿ. ಮೂರು ನಾಲ್ಕು ಒಳ್ಳೆಯ ಪಾಯಿಂಟ್ ಸಿಕ್ಕರೆ ಸಾಕು, ಆದರೆ ಎಲ್ಲವೂ ಒಂದೇ ಮೂಲೆಯಲ್ಲಿ ಇರಬಾರದು. ಏನೂ ಗುರುತೇ ಇಲ್ಲದ ಫೋಟೊವಾದರೆ, ಟ್ರೈಪಾಡ್‌ನ ಡಿಗ್ರಿ ಅಂಕೆ ನೋಡಿ ಸಮನಾಗಿ ತಿರುಗಿಸಿದ್ದಲ್ಲಿ, ಆ ಕೋನವನ್ನೇ ಹ್ಯೂಗಿನ್‌ಗೆ ಕೊಟ್ಟು ಕೂರಿಸಬಹುದು.

ಎಷ್ಟು ಡಿಗ್ರಿಗೆ ಒಂದು ಫೋಟೊ? ಫುಲ್ ಫ್ರೇಮ್‌ನಲ್ಲಿ 24 ಮಿ.ಮೀ. ಲೆನ್ಸ್ ನಿಲುವಾಗಿ ಹಿಡಿದರೆ ಅಡ್ಡಕ್ಕೆ ಸುಮಾರು 53 ಡಿಗ್ರಿ ಕಾಣುತ್ತದೆ. 30 ಪ್ರತಿಶತ ಓವರ್‌ಲ್ಯಾಪ್ ಬಿಟ್ಟರೆ ಒಂದು ಸಲಕ್ಕೆ 37 ಡಿಗ್ರಿ ತಿರುಗಿಸಬಹುದು. ಅರ್ಧ ಸುತ್ತಿಗೆ 5 ಫೋಟೊ, ಪೂರ್ತಿ ಸುತ್ತಿಗೆ 10. ಸಣ್ಣ ಸೆನ್ಸರ್ ಕ್ಯಾಮೆರಾದ ಕಿಟ್ ಲೆನ್ಸ್ 18 ಮಿ.ಮೀ.ನಲ್ಲಿ ಸುಮಾರು 47 ಡಿಗ್ರಿ, ಹಾಗಾಗಿ ಪೂರ್ತಿ ಸುತ್ತಿಗೆ 11. ಒಂದೆರಡು ಹೆಚ್ಚಿಗೆ ತೆಗೆದರೆ ನಷ್ಟವೇನಿಲ್ಲ.

ಎರಡನೆಯ ಬಗೆಯ ಗೊಂದಲ ತುಂಗಭದ್ರಾ ಅಣೆಕಟ್ಟೆಯದು. ಮುನಿರಾಬಾದ್ ಕಡೆಯಿಂದ, ಜನರಿಗೆ ಬಿಟ್ಟ ಜಾಗದಲ್ಲಿ ನಿಂತು ಟೆಲಿ ಲೆನ್ಸ್‌ನಲ್ಲಿ ತೆಗೆದರೆ ಸಾಲಾಗಿ 33 ಕ್ರಸ್ಟ್ ಗೇಟ್. ಎಲ್ಲವೂ ಒಂದೇ ಅಚ್ಚು. ಸಾಫ್ಟ್‌ವೇರ್ ಏಳನೆಯ ಗೇಟನ್ನು ಎಂಟನೆಯದರ ಜೊತೆ ಕೂಡಿಸಿಬಿಡುತ್ತದೆ. ಚಿತ್ರ ನೋಡಲು ಚೆನ್ನಾಗಿಯೇ ಇರುತ್ತದೆ, ಬಿರುಕೂ ಇರುವುದಿಲ್ಲ. ಎಣಿಸಿದಾಗ ಮಾತ್ರ ಗೇಟ್ ಕಡಿಮೆ! ಆದ್ದರಿಂದ ಅಣೆಕಟ್ಟೆ, ಸೇತುವೆ, ಮೆಟ್ಟಿಲು, ಕೋಟೆಯ ತೆನೆಗಳು, ನಾಟಿ ಮಾಡಿದ ಗದ್ದೆಯ ಸಾಲು, ಇಂಥವನ್ನು ಜೋಡಿಸಿದ ಮೇಲೆ ಎಣಿಸಲೇಬೇಕು. ತಪ್ಪಿದ್ದರೆ ಕಂಟ್ರೋಲ್ ಪಾಯಿಂಟ್ ಪಟ್ಟಿಯನ್ನು ಡಿಸ್ಟೆನ್ಸ್ ಅಂಕೆಯ (ಜೋಡಿಸಿದ ಮೇಲೂ ಎರಡು ಗುರುತುಗಳ ನಡುವೆ ಉಳಿದ ಅಂತರ) ಪ್ರಕಾರ ಕ್ರಮವಾಗಿಡಿ. ದೊಡ್ಡ ಅಂಕೆ ಇರುವ ಪಾಯಿಂಟ್‌ಗಳು ಅನುಮಾನದವು, ತೆಗೆದುಹಾಕಿ. ಒಂದು ವಿಷಯ ನೆನಪಿರಲಿ. ಎಲ್ಲ ಪಾಯಿಂಟ್‌ಗಳೂ ಒಟ್ಟಿಗೆ ತಪ್ಪು ಗೇಟಿನ ಮೇಲೆ ಕೂತಿದ್ದರೆ ಅಂಕೆ ಸಣ್ಣದೇ ಇರುತ್ತದೆ. ಆಗ ಎಲ್ಲವನ್ನೂ ಅಳಿಸಿ, ಮತ್ತೆಲ್ಲೂ ಇಲ್ಲದ ಗುರುತುಗಳನ್ನು ಕೈಯಾರೆ ಕೊಡಿ. ಲೈಟಿನ ಕಂಬ, ಗೋಡೆಯ ಮೇಲಿನ ಕಲೆ, ಹಿಂದಿನ ಗುಡ್ಡದ ಅಂಚು.

ನೆಟ್ಟಗಿರಬೇಕಾದ ಬಯಲು ಬಾಗಿದೆ

ಬಳ್ಳಾರಿ, ರಾಯಚೂರಿನ ಎರೆಭೂಮಿ ಬಹಳ ಸಮತಟ್ಟು. ದಿಗಂತ ಒಂದು ಕೂದಲಿನಷ್ಟು ಬಾಗಿದರೂ ಕಣ್ಣಿಗೆ ಹೊಡೆಯುತ್ತದೆ. ಮಲೆನಾಡಿನವರಿಗೆ ಗುಡ್ಡದ ಮರೆಯಲ್ಲಿ ಅಡಗುವ ದೋಷ ನಮಗೆ ಅಡಗುವುದಿಲ್ಲ.

ಇಡೀ ದಿಗಂತ ಬಿಲ್ಲಿನಂತೆ ಮೇಲಕ್ಕೋ ಕೆಳಕ್ಕೋ ಬಾಗಿದ್ದರೆ, ಕ್ಯಾಮೆರಾ ಮೇಲೆ ಅಥವಾ ಕೆಳಗೆ ನೋಡುತ್ತಿದ್ದದ್ದನ್ನು ಸಾಫ್ಟ್‌ವೇರ್ ತಪ್ಪಾಗಿ ಊಹಿಸಿದೆ. ಒಂದು ಕಡೆ ಏರಿ ಇನ್ನೊಂದು ಕಡೆ ಇಳಿದು ಅಲೆಯಂತಿದ್ದರೆ, ತಿರುಗುವ ಅಕ್ಷವೇ ಓರೆಯಾಗಿತ್ತು. ಬಾಲ್ ಹೆಡ್ ಮೇಲೆ ಕ್ಯಾಮೆರಾ ಮಟ್ಟವಾಗಿದ್ದರೆ ಸಾಲದು. ಅದರ ಕೆಳಗಿನ ಟ್ರೈಪಾಡ್ ತಲೆ ಮಟ್ಟವಾಗಿರಬೇಕು, ಯಾಕೆಂದರೆ ತಿರುಗುವುದು ಅಲ್ಲಿ. ಪರೀಕ್ಷೆ ಸುಲಭ. ನೀರುಗುಳ್ಳೆ ನಡುವೆ ಬರುವ ಹಾಗೆ ಮಟ್ಟ ಮಾಡಿ, ಕ್ಯಾಮೆರಾವನ್ನು 90 ಡಿಗ್ರಿ ತಿರುಗಿಸಿ ಮತ್ತೆ ನೋಡಿ. ಗುಳ್ಳೆ ಸರಿದಿದ್ದರೆ ಕಾಲುಗಳನ್ನು ಸರಿಮಾಡಿ.

ತೆಗೆದ ಮೇಲೆ ಸರಿಪಡಿಸಲು ಹ್ಯೂಗಿನ್‌ನಲ್ಲಿ ಮೊದಲು ನೇರ ಮಾಡುವ ಬಟನ್ ಒತ್ತಿ ನೋಡಿ. ಅದಕ್ಕೂ ಬಗ್ಗದಿದ್ದರೆ ಲಂಬ ಗೆರೆಯ ಕಂಟ್ರೋಲ್ ಪಾಯಿಂಟ್ ಹಾಕಿ. ಒಂದು ಕರೆಂಟ್ ಕಂಬದ ತುದಿ, ಅದೇ ಕಂಬದ ಬುಡ. ಹೀಗೆ ಪನೋರಮಾದ ಎರಡು ಮೂರು ಬೇರೆ ಬೇರೆ ಕಡೆ ಕೊಟ್ಟರೆ ದಿಗಂತ ತಾನಾಗಿ ಮಟ್ಟಕ್ಕೆ ಬರುತ್ತದೆ. ಕಟ್ಟಡದ ಮೂಲೆಯೂ ಆಗುತ್ತದೆ. ಹಳೆಯ ಕೋಟೆ ಗೋಡೆಯ ಅಂಚು ಮಾತ್ರ ಬೇಡ, ಅದು ಮೇಲೆ ಹೋಗುತ್ತಾ ಒಳಕ್ಕೆ ಓರೆಯಾಗಿರುತ್ತದೆ.

ದಿಗಂತ ಮಟ್ಟವಾಗಿದೆ, ಆದರೆ ಕಾಲುವೆಯ ಏರಿಯೋ ಕೋಟೆಯ ಗೋಡೆಯೋ ಕಾಮನಬಿಲ್ಲಾಗಿದೆ ಎಂದರೆ ಅದು ದೋಷವಲ್ಲ, ಪ್ರೊಜೆಕ್ಷನ್ ಆಯ್ಕೆ, ಅಂದರೆ ಸುತ್ತಲಿನ ದೃಶ್ಯವನ್ನು ಚಪ್ಪಟೆ ಚಿತ್ರವಾಗಿ ಹರಡುವ ಬಗೆ. ಸಿಲಿಂಡರ್ ಪ್ರೊಜೆಕ್ಷನ್‌ನಲ್ಲಿ ಕಣ್ಣಿನ ಮಟ್ಟಕ್ಕಿಂತ ಮೇಲೆ ಅಥವಾ ಕೆಳಗಿರುವ ಅಡ್ಡ ನೇರ ಗೆರೆಗಳು ಬಾಗಲೇಬೇಕು. ನೇರ ಬೇಕಿದ್ದರೆ ರೆಕ್ಟಿಲೀನಿಯರ್ ಆರಿಸಿ. ಲೈಟ್‌ರೂಮ್‌ನಲ್ಲಿ ಅದಕ್ಕೆ ಪರ್ಸ್‌ಪೆಕ್ಟಿವ್ ಎಂದಿದೆ. ಆದರೆ 100 ಡಿಗ್ರಿ ದಾಟಿದರೆ ಎರಡು ತುದಿಗಳು ಎಳೆದ ರಬ್ಬರಿನಂತೆ ಹಿಗ್ಗುತ್ತವೆ, 120 ದಾಟಿದರೆ ನೋಡಲು ಆಗುವುದಿಲ್ಲ. ಗುಡಿಯ ಮಂಟಪ, ಬಜಾರಿನ ಓಣಿಯಂಥ ಜಾಗಕ್ಕೆ ಹ್ಯೂಗಿನ್‌ನ ಪಾನಿನಿ ಪ್ರೊಜೆಕ್ಷನ್ ನನಗೆ ಎಲ್ಲಕ್ಕಿಂತ ಇಷ್ಟ. ಕಂಬಗಳು ನೆಟ್ಟಗಿರುತ್ತವೆ, ಅಂಚೂ ಅಷ್ಟು ಹಿಗ್ಗುವುದಿಲ್ಲ.

ಎರಡು ತಲೆ, ಅರ್ಧ ಹರಿಗೋಲು

ಕಾರಣ ಹುಡುಕುವುದೇ ಬೇಡ, ಅದು ಅಲುಗಾಡಿದೆ. ಹೊಳೆಯ ಹರಿಗೋಲು, ಮೆಟ್ಟಿಲ ಮೇಲಿನ ಭಕ್ತರು, ಕೋತಿಗಳು, ಗಾಳಿಗೆ ಹೊಯ್ದಾಡುವ ಬಾವುಟ. ಮಾಸ್ಕ್ ಹಾಕಿ ಒಂದು ಫೋಟೊದ ಆಕೃತಿ ಉಳಿಸಿ, ಇನ್ನೊಂದರದ್ದು ಅಳಿಸಿ. ತೆಗೆಯುವಾಗಲೇ ಎಚ್ಚರ ವಹಿಸುವುದು ಇನ್ನೂ ಒಳ್ಳೆಯದು. ಅಲುಗಾಡುವ ವಸ್ತು ಚೌಕಟ್ಟಿನ ನಡುವೆ ಬಂದಾಗ ಕ್ಲಿಕ್ ಮಾಡಿ, ಓವರ್‌ಲ್ಯಾಪ್‌ನಲ್ಲಿ ಅಲ್ಲ. ಜನ ಜಾಸ್ತಿ ಇರುವ ಕಡೆ ಒಂದೊಂದು ಕೋನದಲ್ಲೂ ಎರಡು ಮೂರು ಫೋಟೊ ತೆಗೆದಿಟ್ಟರೆ ಆರಿಸಿಕೊಳ್ಳಲು ಅನುಕೂಲ. ಗಂಗಾವತಿ, ಸಿಂಧನೂರಿನ ಭತ್ತದ ಗದ್ದೆ ಗಾಳಿಗೆ ತೂಗುತ್ತಿದ್ದರೆ ಪೈರಿನ ಮೇಲಿನ ಕಂಟ್ರೋಲ್ ಪಾಯಿಂಟ್‌ಗಳನ್ನು ಅಳಿಸಿ. ಬದುವಿನ ಮೇಲೆ, ದೂರದ ಮರದ ಬುಡದ ಮೇಲೆ ಇರುವವನ್ನು ಇಟ್ಟುಕೊಳ್ಳಿ.

ಮೋಡದ ನೆರಳು ಬಯಲಿನ ಮೇಲೆ ಓಡುತ್ತಿದ್ದರೆ ಬೇಗ ಬೇಗ ತೆಗೆದು ಮುಗಿಸುವುದೇ ಮದ್ದು.

ದೂರದ್ದು ಮಾತ್ರ ಮಸುಕು

ಇಲ್ಲಿ ಮೂರು ಕಾರಣಗಳನ್ನು ಬೇರೆ ಬೇರೆ ಮಾಡಿ ನೋಡಬೇಕು.

ಒಂದು ಫೋಟೊ ಮಾತ್ರ ಪೂರ್ತಿ ಮಸುಕಾಗಿ, ಪಕ್ಕದ ಎರಡೂ ಸ್ಪಷ್ಟವಾಗಿದ್ದರೆ ಆಟೊಫೋಕಸ್ ಬೇರೆ ಎಲ್ಲೋ ಹಿಡಿದಿದೆ. ಫೋಕಸ್ ಬದಲಾದರೆ ಕೆಲವು ಲೆನ್ಸ್‌ಗಳಲ್ಲಿ ಕಾಣುವ ಕೋನವೂ ಸ್ವಲ್ಪ ಬದಲಾಗುತ್ತದೆ, ಆಗ ಜೋಡಣೆಯೂ ತಪ್ಪುತ್ತದೆ. ಮೊದಲ ಫೋಟೊಗೆ ಫೋಕಸ್ ಮಾಡಿ, ಮ್ಯಾನುವಲ್‌ಗೆ ಹಾಕಿಬಿಡಿ. ಫುಲ್ ಫ್ರೇಮ್‌ನಲ್ಲಿ 24 ಮಿ.ಮೀ., ಎಫ್ 8 ಇಟ್ಟು ಸುಮಾರು 2.4 ಮೀಟರ್‌ಗೆ ಫೋಕಸ್ ಮಾಡಿದರೆ 1.2 ಮೀಟರ್‌ನಿಂದ ದಿಗಂತದವರೆಗೆ ಒಪ್ಪುವ ಮಟ್ಟಿಗೆ ಸ್ಪಷ್ಟ.

ಎಲ್ಲ ಫೋಟೊಗಳಲ್ಲೂ ಹತ್ತಿರದ ಬಂಡೆ ಸ್ಪಷ್ಟ, ದೂರದ ಗುಡ್ಡದ ಅಂಚು ಅಂಕುಡೊಂಕು, ಒಂದೊಂದು ಫೋಟೊದಲ್ಲಿ ಒಂದೊಂದು ತರಹ ಇದೆಯಾ? ಇದು ನಮ್ಮ ಬಿಸಿಲಿನ ಕೊಡುಗೆ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಬಿಸಿ 40 ಡಿಗ್ರಿ ದಾಟುತ್ತದೆ. ಕಾದ ಬಂಡೆ, ಕಾದ ಎರೆಭೂಮಿಯಿಂದ ಏಳುವ ಬಿಸಿ ಗಾಳಿ ಬೆಳಕನ್ನು ಅಲ್ಲಾಡಿಸುತ್ತದೆ. ಟೆಲಿ ಲೆನ್ಸ್ ಹಾಕಿ ಹತ್ತಿಪ್ಪತ್ತು ಫೋಟೊ ಜೋಡಿಸುವವರಿಗೆ ಇದು ದೊಡ್ಡ ಕಾಟ. ಹೊಸ ಲೆನ್ಸ್ ಕೊಂಡರೂ ಹೋಗುವುದಿಲ್ಲ, ಶಾರ್ಪನ್ ಮಾಡಿದರೆ ಇನ್ನೂ ಕೆಡುತ್ತದೆ. ಬೆಳಗ್ಗೆ ಸೂರ್ಯ ಹುಟ್ಟುವ ಆಸುಪಾಸಿನಲ್ಲಿ ತೆಗೆಯಿರಿ, ಅಥವಾ ಮಳೆ ಬಿದ್ದು ನೆಲ ತಣಿದ ಮೇಲೆ. ಮಧ್ಯಾಹ್ನವೇ ತೆಗೆಯಬೇಕಾಗಿ ಬಂದರೆ ಅಗಲದ ಲೆನ್ಸ್ ಬಳಸಿ, ದೂರದ ವಿವರದ ಆಸೆ ಬಿಡಿ.

ಮೂರನೆಯದು ಧೂಳು, ಮಂಜಿನ ತೆರೆ. ಸೂರ್ಯನ ಕಡೆಯ ಫೋಟೊಗಳು ಬೆಳ್ಳಗೆ, ಎದುರು ಕಡೆಯವು ನೀಲಿಯಾಗಿ ಇರುತ್ತವೆ. ಇದು ಸಹಜ. ಮಂಜು ತಿಳಿಯಾಗಿಸುವ ಡಿಹೇಜ್ ಬಳಸುವುದಾದರೆ ಜೋಡಿಸಿದ ಮೇಲೆ ಬಳಸಿ. ಬಿಡಿ ಬಿಡಿ ಫೋಟೊಗೆ ಹಾಕಿದರೆ ಒಂದೊಂದಕ್ಕೂ ಒಂದೊಂದು ಬಗೆಯ ಪರಿಣಾಮ ಬಂದು, ಮೊದಲು ಇಲ್ಲದಿದ್ದ ಪಟ್ಟೆಗಳು ಹುಟ್ಟಿಕೊಳ್ಳುತ್ತವೆ.

ಫೋನಿನ ಪನೋರಮಾ

ಫೋನು ಬಿಡಿ ಫೋಟೊ ತೆಗೆದು ಜೋಡಿಸುವುದಿಲ್ಲ. ಸರಿಯುತ್ತಿರುವಾಗಲೇ ಸಣ್ಣ ಸಣ್ಣ ಪಟ್ಟಿಗಳನ್ನು ಸೇರಿಸುತ್ತಾ ಹೋಗುತ್ತದೆ. ಹಾಗಾಗಿ ಗರಗಸದ ಹಲ್ಲಿನಂಥ ಅಂಚು ಕಂಡರೆ ಕೈ ಮೇಲೆ ಕೆಳಗೆ ಆಡಿದೆ, ಅಥವಾ ತುಂಬಾ ಬೇಗ ತಿರುಗಿದ್ದೀರಿ. ಹಾದುಹೋಗುವ ಬೈಕು ಮೊಟಕಾಗಿ ಅಥವಾ ಉದ್ದವಾಗಿ ಬಂದರೆ ಕಾರಣ ಅದರ ಓಟ. ಮೊಣಕೈ ಎದೆಗೆ ಒತ್ತಿ ಹಿಡಿಯಿರಿ. ಫೋನು ಒಂದೇ ಜಾಗದಲ್ಲಿ ನಿಂತಿರಲಿ, ನೀವು ಅದರ ಸುತ್ತ ಸರಿಯಿರಿ. ಬಹಳಷ್ಟು ಫೋನ್‌ಗಳಲ್ಲಿ ಶುರು ಮಾಡುವ ಮೊದಲು ಪರದೆಯ ಮೇಲೆ ಬೆರಳು ಒತ್ತಿ ಹಿಡಿದರೆ ಬೆಳಕು ಲಾಕ್ ಆಗುತ್ತದೆ. ಸೂರ್ಯ ಒಂದು ಪಕ್ಕ ಇದ್ದಾಗ ಇದನ್ನು ಮರೆಯಬೇಡಿ.

ಹತ್ತಿರದ ಕಂಬ ಇರುವ ಜಾಗದಲ್ಲಿ ಫೋನಿನ ಪನೋರಮಾ ಮೋಡ್ ಬಿಟ್ಟು, ಪ್ರೊ ಮೋಡ್‌ನಲ್ಲಿ ಅಂಕೆಗಳನ್ನು ಗಟ್ಟಿ ಮಾಡಿ ಬಿಡಿ ಫೋಟೊ ತೆಗೆದು, ಮನೆಯಲ್ಲಿ ಹ್ಯೂಗಿನ್‌ನಲ್ಲಿ ಜೋಡಿಸಿ. ಹ್ಯೂಗಿನ್ ಉಚಿತ. ಫೋನಿನ ಲೆನ್ಸ್ ಫೋನಿನ ಮೇಲ್ಮೈಗೇ ಅಂಟಿಕೊಂಡಿರುವುದರಿಂದ ಸರಿಯಾದ ಬಿಂದು ಹುಡುಕುವ ಕೆಲಸವೇ ಇಲ್ಲ, ಲೆನ್ಸಿನ ನೇರಕ್ಕೆ ತಿರುಗಿಸಿದರೆ ಸಾಕು. ಈ ವಿಷಯದಲ್ಲಿ ಫೋನು ದೊಡ್ಡ ಕ್ಯಾಮೆರಾಕ್ಕಿಂತ ಮೇಲು.

ಎಲ್ಲ ಕೂಡಿತು, ಫೈಲು ಉಳಿಯುತ್ತಿಲ್ಲ

ಟೆಲಿ ಲೆನ್ಸ್‌ನಲ್ಲಿ ಹಲವು ಸಾಲು ತೆಗೆದು ಜೋಡಿಸಿದವರಿಗೆ ಮಾತ್ರ ಬರುವ ತೊಂದರೆ. ಜೆಪೆಗ್ ಫೈಲಿನ ಒಂದು ಬದಿ 65,535 ಪಿಕ್ಸೆಲ್ ದಾಟುವಂತಿಲ್ಲ. ಫೋಟೊಶಾಪ್‌ನ ಮಾಮೂಲಿ ಪಿಎಸ್‌ಡಿ 30,000ಕ್ಕೇ ನಿಲ್ಲುತ್ತದೆ, ಅದಕ್ಕಿಂತ ದೊಡ್ಡದಕ್ಕೆ ಪಿಎಸ್‌ಬಿ ಆರಿಸಬೇಕು. ಮಾಮೂಲಿ ಟಿಫ್ 4 ಜಿಬಿ ದಾಟುವುದಿಲ್ಲ. ಸೇವ್ ಮಾಡುವಾಗ ಸುಮ್ನೆ ಎರರ್ ಬಂದು ನಿಂತರೆ ಮೊದಲು ಈ ಅಂಕೆಗಳನ್ನು ನೋಡಿ, ಆಮೇಲೆ ಡಿಸ್ಕ್‌ನಲ್ಲಿ ಜಾಗ ಎಷ್ಟಿದೆ ನೋಡಿ. ಜೋಡಿಸುವಾಗ ಹುಟ್ಟುವ ತಾತ್ಕಾಲಿಕ ಫೈಲುಗಳು ಕೊನೆಯ ಚಿತ್ರಕ್ಕಿಂತ ಎಷ್ಟೋ ಪಟ್ಟು ಜಾಗ ತಿನ್ನುತ್ತವೆ. ಗೋಡೆಗೆ ಹಾಕುವ ಪ್ರಿಂಟ್‌ಗೆ ಇಷ್ಟು ದೊಡ್ಡ ಫೈಲು ಬೇಕಾಗುವುದೂ ಇಲ್ಲ. ಆರು ಅಡಿ ಉದ್ದದ ಪ್ರಿಂಟ್‌ಗೆ ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 21,600 ಪಿಕ್ಸೆಲ್ ಸಾಕು. ಆ ಗಾತ್ರಕ್ಕೆ ಇಳಿಸಿ ಪ್ರಿಂಟ್‌ಗೆ ಕೊಡಿ, ಮೂಲ ಫೋಟೊಗಳನ್ನು ಮಾತ್ರ ಹಾಗೇ ಇಟ್ಟುಕೊಳ್ಳಿ.